‘ವಿಲ್ ಹ್ಯಾವ್’ ಎಲ್ಲಿ ಕೆಡುತ್ತದೆ? ಫ್ಯೂಚರ್ ಪರ್ಫೆಕ್ಟ್ ವಾಕ್ಯಗಳ ದೋಷ ನಿವಾರಣೆ ಕೈಪಿಡಿ

ಇಂಗ್ಲಿಷಿನ ಫ್ಯೂಚರ್ ಪರ್ಫೆಕ್ಟ್ ಕಾಲದ ಸೂತ್ರ ಬಹಳ ಚಿಕ್ಕದು. ಮೊದಲು ‘ವಿಲ್’, ಆಮೇಲೆ ‘ಹ್ಯಾವ್’, ಅದರ ಮುಂದೆ ಶಾಲೆಯಲ್ಲಿ ನಾವೆಲ್ಲರೂ ವಿ ತ್ರೀ ಎಂದು ಬಾಯಿಪಾಠ ಮಾಡಿದ ಪಾಸ್ಟ್ ಪಾರ್ಟಿಸಿಪಲ್ ರೂಪ. ಕರ್ತೃ ಏಕವಚನವಾಗಲಿ ಬಹುವಚನವಾಗಲಿ, ಗಂಡಾಗಲಿ ಹೆಣ್ಣಾಗಲಿ, ಈ ಮೂರು ಭಾಗಗಳಲ್ಲಿ ಒಂದೂ ಕದಲುವುದಿಲ್ಲ. ‘ಐ ವಿಲ್ ಹ್ಯಾವ್ ಫಿನಿಶ್ಡ್’, ‘ಶಿ ವಿಲ್ ಹ್ಯಾವ್ ಫಿನಿಶ್ಡ್’, ‘ದೇ ವಿಲ್ ಹ್ಯಾವ್ ಫಿನಿಶ್ಡ್’: ಇಷ್ಟೇ. ಇಷ್ಟು ಸುಲಭವಾದದ್ದನ್ನು ಎಸ್ಸೆಸ್ಸೆಲ್ಸಿ ದಾಟಿದವರು ಸಾಮಾನ್ಯವಾಗಿ ಮರೆತಿರುವುದಿಲ್ಲ. ಆದರೂ ಮೈಸೂರು, ಮಂಡ್ಯದ ಕಡೆಯ ಕಚೇರಿಗಳಿಂದ ಹೊರಡುವ ಪತ್ರಗಳಲ್ಲಿ, ಕೆಲಸಕ್ಕೆ ಹಾಕುವ ಅರ್ಜಿಗಳಲ್ಲಿ, ಮೇಲಧಿಕಾರಿಗೆ ಕಳಿಸುವ ವಾಟ್ಸಾಪ್ ಸಂದೇಶಗಳಲ್ಲಿ ಈ ಕಾಲ ಮತ್ತೆ ಮತ್ತೆ ದಾರಿ ತಪ್ಪುತ್ತದೆ. ಸೂತ್ರ ಸರಿಯಾಗಿಯೇ ಇದ್ದು ವಾಕ್ಯ ತಪ್ಪಾಗಿರುವ ಸಂದರ್ಭಗಳು, ಸೂತ್ರವೇ ತಪ್ಪಿದ ಸಂದರ್ಭಗಳಿಗಿಂತ ಹೆಚ್ಚು ತೊಂದರೆ ಕೊಡುತ್ತವೆ. ಏಕೆಂದರೆ ಅವು ಬರೆದವರ ಕಣ್ಣಿಗೆ ಬೀಳುವುದೇ ಇಲ್ಲ.

ಈ ಬಗೆಯ ದೋಷದ ಮೂಲವನ್ನು ಇಂಗ್ಲಿಷ್ ವಾಕ್ಯದಲ್ಲಿ ಹುಡುಕುವುದಕ್ಕಿಂತ, ಅದರ ಬೆನ್ನಿಗಿರುವ ಕನ್ನಡ ವಾಕ್ಯದಲ್ಲಿ ಹುಡುಕಬೇಕು. ನಮ್ಮ ‘ಮುಗಿಸಿರುತ್ತೇನೆ’ ಎಂಬ ರೂಪ ನಾಲ್ಕು ಬೇರೆ ಬೇರೆ ಕೆಲಸಗಳನ್ನು ಒಂದೇ ವೇಷದಲ್ಲಿ ನಿಂತು ಮಾಡುತ್ತದೆ. ನಾಲ್ಕರಲ್ಲಿ ಎರಡಕ್ಕೆ ಮಾತ್ರ ‘ವಿಲ್ ಹ್ಯಾವ್’ ಒಪ್ಪುತ್ತದೆ. ಹಾಗಾಗಿ ಪರೀಕ್ಷೆ ಅಲ್ಲಿಂದಲೇ ಶುರುವಾಗಬೇಕು.

ಮೊದಲ ಪರೀಕ್ಷೆ: ಈ ‘ಇರುತ್ತ’ ಯಾವುದು?

ಒಂದನೆಯದು ನಿಜವಾದ ಭವಿಷ್ಯ. ‘ನಾಳೆ ನೀವು ಮಂಡ್ಯಕ್ಕೆ ಬರುವ ಹೊತ್ತಿಗೆ ನಾನು ಲೆಕ್ಕ ಮುಗಿಸಿರುತ್ತೇನೆ’ ಎಂಬ ವಾಕ್ಯವನ್ನು ನೋಡಿ. ಮುಂದೆ ಬರಲಿರುವ ಒಂದು ಗಳಿಗೆಯನ್ನು ಗೊತ್ತುಮಾಡಿಕೊಂಡು, ಅಲ್ಲಿ ನಿಂತು ಹಿಂದಿರುಗಿ ನೋಡಿದರೆ ಕೆಲಸ ಆಗಿಹೋಗಿದೆ. ಆಡುಮಾತಿನಲ್ಲಿ ‘ನೀನು ಬರೋ ಹೊತ್ಗೆ ನಾನು ಹೊಂಟೋಗಿರ್ತೀನಿ ಕಣಣ್ಣ’ ಎನ್ನುವವರಿಗೆ ಈ ಕಾಲದ ತಿರುಳು ಹುಟ್ಟಿನಿಂದಲೇ ಗೊತ್ತಿದೆ. ಅದನ್ನು ಅವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಇಲ್ಲಿ ‘ಐ ವಿಲ್ ಹ್ಯಾವ್ ಫಿನಿಶ್ಡ್ ದ ಅಕೌಂಟ್ಸ್’ ಎಂದು ಬರೆದರೆ ಸರಿಯಾಗುತ್ತದೆ.

ಎರಡನೆಯದು ರೂಢಿ. ‘ದಿನಾ ಬೆಳಿಗ್ಗೆ ಏಳಕ್ಕೆಲ್ಲ ಅಮ್ಮ ಅಡುಗೆ ಮುಗಿಸಿರುತ್ತಾರೆ’ ಎನ್ನುವಾಗ ನಾವು ನಾಳೆಯ ಮಾತನ್ನು ಆಡುತ್ತಿಲ್ಲ. ನಿನ್ನೆಯೂ ಹಾಗೆ, ಇಂದೂ ಹಾಗೆ. ಇಂಗ್ಲಿಷಿನಲ್ಲಿ ಇದಕ್ಕೆ ಸಹಜವಾಗಿ ಬರುವುದು ಪ್ರೆಸೆಂಟ್ ಪರ್ಫೆಕ್ಟ್: ‘ಮದರ್ ಹ್ಯಾಸ್ ಯೂಶುವಲಿ ಫಿನಿಶ್ಡ್ ಕುಕಿಂಗ್ ಬೈ ಸೆವೆನ್’. ‘ಎವ್ರಿ ಡೇ’, ‘ಆಲ್ವೇಸ್’, ‘ಯೂಶುವಲಿ’ ಎಂಬ ಪದಗಳ ಪಕ್ಕದಲ್ಲಿ ‘ವಿಲ್ ಹ್ಯಾವ್’ ಕಂಡರೆ, ಬರೆದವರ ಮನಸ್ಸಿನಲ್ಲಿ ಇದ್ದದ್ದು ಈ ಎರಡನೆಯ ‘ಇರುತ್ತ’ ಎಂದು ಸಂಶಯಪಡಬೇಕು.

ಮೂರನೆಯದು ಊಹೆ. ಮೈಸೂರಿನಲ್ಲಿ ಬೆಂಗಳೂರಿನ ರೈಲು ಹತ್ತಿಸಿ ಬಂದವರು ಮನೆಯಲ್ಲಿ ಕುಳಿತು ಗಡಿಯಾರ ನೋಡಿ, ‘ಇಷ್ಟು ಹೊತ್ತಿಗೆ ಮದ್ದೂರು ದಾಟಿರುತ್ತಾಳೆ’ ಎನ್ನುತ್ತಾರೆ. ಇದು ನಡೆದುಹೋಗಿರುವ ಸಂಗತಿಯ ಬಗ್ಗೆ ಆಡಿದ ಮಾತು. ಭವಿಷ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಕುತೂಹಲದ ಸಂಗತಿಯೆಂದರೆ ಇಂಗ್ಲಿಷೂ ಇಲ್ಲಿ ಅದೇ ರೂಪವನ್ನು ಬಳಸುತ್ತದೆ: ‘ಶಿ ವಿಲ್ ಹ್ಯಾವ್ ಕ್ರಾಸ್ಡ್ ಮದ್ದೂರು ಬೈ ನೌ’. ಇದನ್ನು ಕಂಡ ಕೆಲವರು ‘ನೌ’ ಇರುವ ಕಡೆ ‘ವಿಲ್’ ಹೇಗೆ ಬರುತ್ತದೆ ಎಂದು ಕೆಂಪು ಮಸಿಯಲ್ಲಿ ಹೊಡೆದುಹಾಕುತ್ತಾರೆ. ಅದು ಸರಿಯಾಗಿರುವ ವಾಕ್ಯವನ್ನು ಕೆಡಿಸುವ ತಿದ್ದುಪಡಿ. ಊಹೆಯ ತೂಕವನ್ನು ಹೇಳಲು ಕನ್ನಡದಲ್ಲಿ ಮೂರು ಮೆಟ್ಟಿಲುಗಳಿವೆ, ಇಂಗ್ಲಿಷಿನಲ್ಲೂ ಮೂರಿವೆ, ಎರಡೂ ಚೆನ್ನಾಗಿಯೇ ಹೊಂದುತ್ತವೆ. ದಾಟಿರುತ್ತಾಳೆ ಎಂದರೆ ‘ವಿಲ್ ಹ್ಯಾವ್ ಕ್ರಾಸ್ಡ್’, ದಾಟಿರಬೇಕು ಎಂದರೆ ‘ಮಸ್ಟ್ ಹ್ಯಾವ್ ಕ್ರಾಸ್ಡ್’, ದಾಟಿರಬಹುದು ಎಂದರೆ ‘ಮೇ ಹ್ಯಾವ್ ಕ್ರಾಸ್ಡ್’. ರೈಲಿನ ದಿನನಿತ್ಯದ ವೇಳೆಯನ್ನು ನಂಬಿ ಆಡುವ ಮಾತಿಗೆ ಮೊದಲನೆಯದು ಸಲ್ಲುತ್ತದೆ. ಫೋನಿನಲ್ಲಿ ವಡೆ ಮಾರುವವರ ಕೂಗು ಕೇಳಿಸಿ, ಅದರಿಂದ ಊಹಿಸಿದರೆ ಎರಡನೆಯದು ಹೆಚ್ಚು ಹೊಂದುತ್ತದೆ.

ನಾಲ್ಕನೆಯದು ಕಚೇರಿಯ ‘ಇರುತ್ತದೆ’. ನಿಜವಾದ ಅಪಾಯ ಇರುವುದು ಇಲ್ಲಿಯೇ ಎಂದು ನನ್ನ ಎಣಿಕೆ. ‘ಸದರಿ ಅರ್ಜಿಯನ್ನು ತಿರಸ್ಕರಿಸಲಾಗಿರುತ್ತದೆ’, ‘ಮೇಲ್ಕಂಡಂತೆ ಆದೇಶಿಸಲಾಗಿರುತ್ತದೆ’, ‘ಕಂದಾಯವನ್ನು ಪಾವತಿಸಿರುತ್ತಾರೆ’ ಎಂದು ಟಿಪ್ಪಣಿ ಹಾಳೆಗಳಲ್ಲಿ ಬರೆಯುವಾಗ ಯಾರ ಮನಸ್ಸಿನಲ್ಲೂ ಭವಿಷ್ಯವೂ ಇಲ್ಲ, ಊಹೆಯೂ ಇಲ್ಲ. ಅರ್ಜಿ ತಿರಸ್ಕೃತವಾಗಿದೆ, ಕಂದಾಯ ಕಟ್ಟಿಯಾಗಿದೆ. ಕಡತದ ಕನ್ನಡದಲ್ಲಿ ‘ಆಗಿದೆ’ ಎಂಬುದಕ್ಕೆ ಗಾಂಭೀರ್ಯ ತರಲು ‘ಆಗಿರುತ್ತದೆ’ ಎನ್ನುವ ರೂಢಿ ಬೆಳೆದಿದೆ. ಇದನ್ನು ಅಕ್ಷರಕ್ಕೆ ಅಕ್ಷರ ಇಳಿಸಿ ‘ದ ಅಪ್ಲಿಕೇಶನ್ ವಿಲ್ ಹ್ಯಾವ್ ಬೀನ್ ರಿಜೆಕ್ಟೆಡ್’ ಎಂದು ಬರೆದರೆ, ಓದುವವರು ಅದನ್ನು ‘ತಿರಸ್ಕರಿಸಿರಬಹುದೇನೋ’ ಎಂದೋ ‘ಮುಂದೆ ತಿರಸ್ಕರಿಸುತ್ತಾರೆ’ ಎಂದೋ ತಿಳಿಯುತ್ತಾರೆ. ಬರೆಯಬೇಕಾದದ್ದು ‘ಹ್ಯಾಸ್ ಬೀನ್ ರಿಜೆಕ್ಟೆಡ್’. ತಾರೀಖನ್ನು ಹೇಳಿದ್ದರೆ ಅದೂ ಆಗದು. ‘ವಾಸ್ ರಿಜೆಕ್ಟೆಡ್ ಆನ್’ ಎಂದು ಬರೆದು ತಾರೀಖು ಹಾಕಬೇಕು, ಏಕೆಂದರೆ ಕಳೆದುಹೋದ ಒಂದು ನಿರ್ದಿಷ್ಟ ದಿನದ ಪಕ್ಕದಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ನಿಲ್ಲುವುದಿಲ್ಲ.

ನಿಷೇಧ ರೂಪದಲ್ಲಿಯೂ ಇದೇ ಗೊಂದಲ ಇದೆ. ‘ನಾನು ಈ ಹಿಂದೆ ಯಾವುದೇ ಅರ್ಜಿ ಸಲ್ಲಿಸಿರುವುದಿಲ್ಲ’ ಎಂದು ಸ್ವಯಂ ಘೋಷಣೆಯಲ್ಲಿ ಬರೆಯುವುದು ‘ಐ ಹ್ಯಾವ್ ನಾಟ್ ಸಬ್ಮಿಟೆಡ್’ ಎಂಬ ಅರ್ಥದಲ್ಲಿ. ‘ನಾಳೆ ಸಂಜೆಯ ಹೊತ್ತಿಗೂ ಅರ್ಜಿ ಸಲ್ಲಿಸಿರುವುದಿಲ್ಲ’ ಎಂದರೆ ಮಾತ್ರ ‘ವಿಲ್ ನಾಟ್ ಹ್ಯಾವ್ ಸಬ್ಮಿಟೆಡ್’. ಶಾಲೆಯಲ್ಲಿ ‘ವ’ ಎಂಬುದನ್ನು ಭವಿಷ್ಯತ್ ಕಾಲದ ಪ್ರತ್ಯಯವೆಂದು ಕಲಿತವರಿಗೆ ‘ಸಲ್ಲಿಸಿರುವೆನು’ ಎಂಬ ರೂಪವೂ ಮೋಸ ಮಾಡುತ್ತದೆ. ಇಂದಿನ ಬರಹದಲ್ಲಿ ಅದು ಬಹುಮಟ್ಟಿಗೆ ‘ಸಲ್ಲಿಸಿದ್ದೇನೆ’ ಎಂಬುದರ ಗ್ರಾಂಥಿಕ ವೇಷ.

ಈ ನಾಲ್ಕನ್ನು ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ಕೆಲಸ ಮುಗಿದಿದೆಯೋ ಇಲ್ಲವೋ ಎಂದು ನೋಡಲು ನಾವು ಯಾವ ಗಳಿಗೆಯಲ್ಲಿ ನಿಂತಿದ್ದೇವೆ? ಇನ್ನೂ ಬಾರದ ಗಳಿಗೆಯಾದರೆ ಫ್ಯೂಚರ್ ಪರ್ಫೆಕ್ಟ್. ಈಗಿನ ಗಳಿಗೆಯಾಗಿದ್ದು, ಕಣ್ಣಾರೆ ಕಾಣದೆ ಹೇಳುತ್ತಿದ್ದರೆ ಊಹೆಯ ‘ವಿಲ್ ಹ್ಯಾವ್’. ಮಿಕ್ಕ ಎರಡಕ್ಕೂ ‘ವಿಲ್’ ಬೇಡ.

ಗಡುವಿನ ದೋಷ: ‘ವಿತಿನ್ ಫೈವ್ ಓ ಕ್ಲಾಕ್’

ಕಾಲ ಸರಿಯಾಗಿದ್ದೂ ವಾಕ್ಯ ಕೆಡುವ ಎರಡನೆಯ ಜಾಗ ಗಡುವನ್ನು ಹೇಳುವ ಪದ. ಫ್ಯೂಚರ್ ಪರ್ಫೆಕ್ಟ್ ವಾಕ್ಯಕ್ಕೆ ಒಂದು ಗಡುವು ಬೇಕೇ ಬೇಕು, ವಾಕ್ಯದಲ್ಲಿ ಇಲ್ಲದಿದ್ದರೆ ಹಿಂದಿನ ಮಾತಿನಲ್ಲಾದರೂ ಇರಬೇಕು. ಆ ಗಡುವನ್ನು ನಾವು ಕನ್ನಡದಲ್ಲಿ ‘ಒಳಗೆ’, ‘ಹೊತ್ತಿಗೆ’, ‘ತನಕ’ ಎಂಬ ಮೂರು ಪದಗಳಿಂದ ಹೇಳುತ್ತೇವೆ. ಇವುಗಳಲ್ಲಿ ‘ಒಳಗೆ’ ಎಂಬುದೇ ಹೆಚ್ಚು ಕಾಟ ಕೊಡುವುದು.

‘ಎರಡು ಗಂಟೆಯೊಳಗೆ ಬಸ್ಸು ಮೈಸೂರು ತಲುಪಿರುತ್ತದೆ’ ಎಂಬ ವಾಕ್ಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇದನ್ನು ಹೇಳಿದವರು ಗಡಿಯಾರ ಎರಡು ಹೊಡೆಯುವ ಮುಂಚೆ ಎಂದರೋ, ಈಗಿನಿಂದ ಎರಡು ಗಂಟೆ ಕಾಲ ಕಳೆಯುವ ಮುಂಚೆ ಎಂದರೋ? ಕನ್ನಡದಲ್ಲಿ ‘ಗಂಟೆ’ ಎರಡಕ್ಕೂ ಆಗುತ್ತದೆ, ‘ಒಳಗೆ’ ಎರಡಕ್ಕೂ ಆಗುತ್ತದೆ. ಸಂದರ್ಭ ಗೊತ್ತಿದ್ದವರಿಗೆ ಗೊಂದಲವೂ ಆಗುವುದಿಲ್ಲ. ಇಂಗ್ಲಿಷ್ ಈ ಎರಡನ್ನು ಬೇರೆ ಬೇರೆ ಇಟ್ಟಿದೆ. ಕಾಲದ ಒಂದು ಬಿಂದುವಿಗೆ ‘ಬೈ’, ಕಾಲದ ಒಂದು ಉದ್ದಕ್ಕೆ ‘ವಿತಿನ್’. ಮೊದಲನೆಯ ಅರ್ಥಕ್ಕೆ ‘ದ ಬಸ್ ವಿಲ್ ಹ್ಯಾವ್ ರೀಚ್ಡ್ ಮೈಸೂರು ಬೈ ಟೂ ಓ ಕ್ಲಾಕ್’, ಎರಡನೆಯದಕ್ಕೆ ‘ವಿತಿನ್ ಟೂ ಅವರ್ಸ್’. ‘ವಿತಿನ್ ಫೈವ್ ಓ ಕ್ಲಾಕ್’, ‘ವಿತಿನ್ ಮಂಡೇ’, ‘ವಿತಿನ್ ದಸರಾ’ ಎಂಬ ನಮ್ಮೂರ ಪ್ರಯೋಗಗಳೆಲ್ಲ ‘ಒಳಗೆ’ ಎಂಬುದರ ನೇರ ಪಡಿಯಚ್ಚುಗಳು. ತಿದ್ದುವುದು ಸುಲಭ: ಪದದ ಮುಂದೆ ಗಡಿಯಾರದ ವೇಳೆಯೋ, ವಾರದ ಹೆಸರೋ, ತಾರೀಖೋ, ಹಬ್ಬವೋ ಇದ್ದರೆ ‘ಬೈ’ ಹಾಕಿ, ಇಷ್ಟು ದಿನ, ಇಷ್ಟು ತಿಂಗಳು ಎಂಬ ಅಳತೆ ಇದ್ದರೆ ಮಾತ್ರ ‘ವಿತಿನ್’ ಇರಲಿ.

‘ತನಕ’ ಅಥವಾ ‘ವರೆಗೆ’ ಎಂಬುದಕ್ಕೆ ಸಮನಾದದ್ದು ‘ಅಂಟಿಲ್’, ‘ಟಿಲ್’. ಅದು ಉದ್ದಕ್ಕೂ ನಡೆಯುತ್ತಲೇ ಇರುವ ಸ್ಥಿತಿಗೆ ಸಲ್ಲುವುದೇ ಹೊರತು ಮುಗಿದುಹೋದ ಕೆಲಸಕ್ಕಲ್ಲ. ಐದು ಗಂಟೆಯ ತನಕ ಕಚೇರಿಯಲ್ಲಿರುತ್ತೇನೆ ಎಂದರೆ ‘ಐ ವಿಲ್ ಬಿ ಇನ್ ದ ಆಫೀಸ್ ಟಿಲ್ ಫೈವ್’. ಐದರ ಹೊತ್ತಿಗೆ ವರದಿ ಬರೆದು ಮುಗಿಸಿರುತ್ತೇನೆ ಎನ್ನಲು ‘ಟಿಲ್ ಫೈವ್ ಐ ವಿಲ್ ಹ್ಯಾವ್ ರಿಟನ್’ ಎಂದರೆ ಕೇಳುವವರಿಗೆ ತಲೆಬುಡ ತಿಳಿಯುವುದಿಲ್ಲ. ನಿಷೇಧದಲ್ಲಿ ಸೂಕ್ಷ್ಮವಾದ ಅಂತರವೊಂದಿದೆ. ‘ಐ ವಿಲ್ ನಾಟ್ ಹ್ಯಾವ್ ಫಿನಿಶ್ಡ್ ಬೈ ಫೈವ್’ ಎಂದರೆ ಐದಕ್ಕೆ ಬಂದು ನೋಡಿದರೆ ಮುಗಿದಿರುವುದಿಲ್ಲ ಎಂದಷ್ಟೇ. ಆಮೇಲೆ ಯಾವಾಗ ಮುಗಿಯುತ್ತದೆ ಎಂಬ ಸುಳಿವು ಅದರಲ್ಲಿಲ್ಲ. ‘ಐ ವಿಲ್ ನಾಟ್ ಫಿನಿಶ್ ಅಂಟಿಲ್ ಫೈವ್’ ಎಂದರೆ ಐದಾದ ಮೇಲೆ ಮುಗಿಯುತ್ತದೆ ಎಂಬ ಭರವಸೆಯೂ ಸೇರಿಕೊಳ್ಳುತ್ತದೆ. ಗಿರಾಕಿಗೆ ಸಂದೇಶ ಕಳಿಸುವವರು ಇದನ್ನು ಗಮನಿಸಿದರೆ ಒಳ್ಳೆಯದು.

‘ಬೈ ದ ಟೈಮ್’ ಆದ ಮೇಲೆ ನುಸುಳುವ ‘ವಿಲ್’

ಲಕ್ಷಣ: ‘ಬೈ ದ ಟೈಮ್ ಹಿ ವಿಲ್ ಕಮ್, ಐ ವಿಲ್ ಹ್ಯಾವ್ ಲೆಫ್ಟ್’. ಕಾರಣವೂ ಸ್ಪಷ್ಟ. ‘ಅವನು ಬರುವ ಹೊತ್ತಿಗೆ’ ಎನ್ನುವಾಗ ‘ಬರುವ’ ಎಂಬ ಕೃದಂತದಲ್ಲೇ ಭವಿಷ್ಯ ಕುಳಿತಿದೆ; ಅದು ಇಂಗ್ಲಿಷಿಗೆ ಬರುವಾಗ ‘ವಿಲ್’ ಆಗಿ ಇಳಿಯುತ್ತದೆ. ಇಂಗ್ಲಿಷಿನ ನಿಯಮ ಬೇರೆ. ‘ವೆನ್’, ‘ಬಿಫೋರ್’, ‘ಆಫ್ಟರ್’, ‘ಅಂಟಿಲ್’, ‘ಆಸ್ ಸೂನ್ ಆಸ್’, ‘ಬೈ ದ ಟೈಮ್’ ಮುಂತಾದವುಗಳಿಂದ ಆರಂಭವಾಗುವ ಕಾಲಸೂಚಕ ಉಪವಾಕ್ಯದಲ್ಲಿ, ಮಾತು ಮುಂದಿನದೇ ಆಗಿದ್ದರೂ ಕ್ರಿಯಾಪದ ವರ್ತಮಾನದಲ್ಲೇ ಇರುತ್ತದೆ. ‘ಬೈ ದ ಟೈಮ್ ಹಿ ಕಮ್ಸ್, ಐ ವಿಲ್ ಹ್ಯಾವ್ ಲೆಫ್ಟ್’. ‘ವಿಲ್’ ಪ್ರಧಾನ ವಾಕ್ಯದಲ್ಲಿ ಒಮ್ಮೆ ಬಂದರೆ ಸಾಕು.

ಈ ನಿಯಮಕ್ಕೆ ಇನ್ನೊಂದು ಮುಖವಿದೆ, ಅದನ್ನು ಪಾಠಗಳಲ್ಲಿ ಸಾಕಷ್ಟು ಒತ್ತಿ ಹೇಳುವುದಿಲ್ಲ. ಉಪವಾಕ್ಯದ ಒಳಗೆ ಫ್ಯೂಚರ್ ಪರ್ಫೆಕ್ಟ್ ಬರಬೇಕಾದ ಕಡೆ ಅದು ಪ್ರೆಸೆಂಟ್ ಪರ್ಫೆಕ್ಟ್ ಆಗಿ ಇಳಿಯುತ್ತದೆ. ‘ನಾಳೆ ಕೆಲಸ ಮುಗಿಸಿದ ಮೇಲೆ ನನಗೆ ಫೋನ್ ಮಾಡಿ’ ಎಂಬುದಕ್ಕೆ ‘ಕಾಲ್ ಮಿ ವೆನ್ ಯೂ ಹ್ಯಾವ್ ಫಿನಿಶ್ಡ್’ ಎನ್ನಬೇಕು. ‘ವೆನ್ ಯೂ ವಿಲ್ ಹ್ಯಾವ್ ಫಿನಿಶ್ಡ್’ ಎನ್ನಬಾರದು. ಆದರೆ ‘ವೆನ್’ ಕಂಡಲ್ಲೆಲ್ಲ ‘ವಿಲ್’ ಕಿತ್ತುಹಾಕುವುದೂ ತಪ್ಪು. ‘ಅವರು ಯಾವಾಗ ಬರುತ್ತಾರೋ ಗೊತ್ತಿಲ್ಲ’ ಎಂಬಲ್ಲಿ ‘ವೆನ್’ ಕಾಲವನ್ನು ಸೂಚಿಸದೆ ಪ್ರಶ್ನೆಯನ್ನು ಹೊತ್ತು ನಿಂತಿದೆ. ಆದ್ದರಿಂದ ‘ಐ ಡೋಂಟ್ ನೋ ವೆನ್ ದೇ ವಿಲ್ ಕಮ್’ ಎಂಬುದು ಸರಿ. ಕನ್ನಡದಲ್ಲಿ ‘ಯಾವಾಗ’ ಬಂದರೆ ‘ವಿಲ್’ ಉಳಿಯಲಿ, ‘ಆಗ’, ‘ಹೊತ್ತಿಗೆ’, ‘ಮೇಲೆ’ ಬಂದರೆ ತೆಗೆಯಿರಿ.

‘ವೆನ್’ ಉಪವಾಕ್ಯದ ಜೊತೆ ಪ್ರಧಾನ ವಾಕ್ಯದಲ್ಲಿ ಯಾವ ಕಾಲ ಹಾಕುತ್ತೇವೆ ಎಂಬುದರ ಮೇಲೆ ಇಡೀ ದಿನದ ಲೆಕ್ಕ ನಿಂತಿರುತ್ತದೆ. ವಿಜಯದಶಮಿಯ ದಿನ ಜಂಬೂಸವಾರಿ ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆಯಲ್ಲಿ ಸಾಗಿ ಬನ್ನಿಮಂಟಪ ಸೇರುತ್ತದೆ. ಸಂಜೆ ಅಲ್ಲಿ ಪಂಜಿನ ಕವಾಯತು ನಡೆಯುತ್ತದೆ. ಪರಊರಿನ ಅತಿಥಿಗೆ ‘ವೆನ್ ವಿ ರೀಚ್ ಬನ್ನಿಮಂಟಪ, ದ ಪರೇಡ್ ವಿಲ್ ಬಿಗಿನ್’ ಎಂದು ಬರೆದರೆ ನಾವು ಹೋದ ಮೇಲೆ ಕವಾಯತು ಶುರುವಾಗುತ್ತದೆ, ನಿಧಾನವಾಗಿ ಹೊರಡಬಹುದು. ‘ದ ಪರೇಡ್ ವಿಲ್ ಹ್ಯಾವ್ ಬಿಗನ್’ ಎಂದರೆ ನಾವು ಹೋಗುವಷ್ಟರಲ್ಲಿ ಅದು ಶುರುವಾಗಿರುತ್ತದೆ, ಮೊದಲ ಭಾಗ ತಪ್ಪಿಹೋಗಿರುತ್ತದೆ. ಎರಡು ವಾಕ್ಯಗಳ ನಡುವೆ ಇರುವುದು ಒಂದು ‘ಹ್ಯಾವ್’ ಮತ್ತು ಒಂದು ಸ್ವರ.

ಬಿಡಿಭಾಗಗಳ ದೋಷ

ಇವು ನೋಡಿದ ಕೂಡಲೇ ಸಿಗುವಂಥವು, ಹೆಚ್ಚು ಹೇಳಬೇಕಾಗಿಲ್ಲ. ‘ಶಿ ವಿಲ್ ಹ್ಯಾಸ್’ ಎಂಬುದು ‘ಶಿ ಹ್ಯಾಸ್’ ಎಂಬ ಅಭ್ಯಾಸದ ಪಳೆಯುಳಿಕೆ. ‘ವಿಲ್’ ಆದ ಮೇಲೆ ಕ್ರಿಯಾಪದದ ಮೂಲರೂಪವೇ ಬರುವುದರಿಂದ ‘ಹ್ಯಾಸ್’ಗೂ ‘ಹ್ಯಾಡ್’ಗೂ ಅಲ್ಲಿ ಜಾಗವಿಲ್ಲ. ‘ವಿಲ್ ಹ್ಯಾವ್ ವೆಂಟ್’, ‘ವಿಲ್ ಹ್ಯಾವ್ ಕೇಮ್’, ‘ವಿಲ್ ಹ್ಯಾವ್ ರೋಟ್’ ಎಂಬಲ್ಲಿ ವಿ ಟೂ ರೂಪ ಬಂದು ಕುಳಿತಿದೆ. ‘ಗಾನ್’, ‘ಕಮ್’, ‘ರಿಟನ್’ ಎಂದಾಗಬೇಕು. ‘ಈಡಿ’ ಹಚ್ಚಿಕೊಳ್ಳುವ ಕ್ರಿಯಾಪದಗಳಲ್ಲಿ ಎರಡೂ ರೂಪ ಒಂದೇ ಆಗಿರುವುದರಿಂದ ಅಲ್ಲಿ ತಪ್ಪು ಹೊರಗೆ ಕಾಣುವುದಿಲ್ಲ. ‘ಐ ವಿಲ್ ಹ್ಯಾವ್ ಟು ಫಿನಿಶ್’ ಎಂಬುದು ಬೇರೆಯೇ ಮನೆತನಕ್ಕೆ ಸೇರಿದ್ದು, ಅದರ ಅರ್ಥ ‘ಮುಗಿಸಬೇಕಾಗುತ್ತದೆ’. ಇನ್ನೊಂದು ದೋಷ ಕಿವಿಗೆ ಮಾತ್ರ ಸಿಗುತ್ತದೆ: ಫೋನಿನಲ್ಲಿ ‘ಐಲ್ ಹ್ಯಾವ್ ಫಿನಿಶ್ಡ್’ ಎಂದು ಬೇಗ ಹೇಳಿದರೆ ‘ಐ ಹ್ಯಾವ್ ಫಿನಿಶ್ಡ್’ ಎಂದು ಕೇಳಿಸುತ್ತದೆ, ಕೆಲಸ ಆಗಿಹೋಗಿದೆ ಎಂದು ಆ ಕಡೆಯವರು ತಿಳಿಯುತ್ತಾರೆ. ಹಣಕಾಸಿನ ಮಾತಾದರೆ ‘ವಿಲ್’ ಅನ್ನು ಬಿಡಿಸಿಯೇ ಹೇಳುವುದು ಕ್ಷೇಮ.

ಮಾಡುವವರು ಯಾರು?

‘ದ ರಿಪೋರ್ಟ್ ವಿಲ್ ಹ್ಯಾವ್ ಸಬ್ಮಿಟೆಡ್ ಬೈ ಫ್ರೈಡೇ’ ಎಂದರೆ ವರದಿಯೇ ಏನನ್ನೋ ಸಲ್ಲಿಸಿರುತ್ತದೆ ಎಂದಾಯಿತು. ಕರ್ಮಣಿ ಪ್ರಯೋಗದಲ್ಲಿ ‘ಹ್ಯಾವ್’ ಆದ ಮೇಲೆ ‘ಬೀನ್’ ಬರಲೇಬೇಕು: ‘ವಿಲ್ ಹ್ಯಾವ್ ಬೀನ್ ಸಬ್ಮಿಟೆಡ್’. ಇದರ ಉಲ್ಟಾ ದೋಷವೂ ಇದೆ. ‘ದ ಬಸ್ ವಿಲ್ ಹ್ಯಾವ್ ಬೀನ್ ಅರೈವ್ಡ್’ ಎಂಬಲ್ಲಿ ಬಸ್ಸು ತಾನೇ ಬರುವುದರಿಂದ ‘ಬೀನ್’ ಬೇಡ. ಕನ್ನಡದಲ್ಲಿ ‘ಮಾಡಲಾಗಿರುತ್ತದೆ’, ‘ಸಲ್ಲಿಸಲಾಗಿರುತ್ತದೆ’ ಎಂಬಂತೆ ‘ಲಾಗು’ ಹಚ್ಚಿ ಹೇಳಬಹುದಾದರೆ ‘ಬೀನ್’ ಹಾಕಿ. ‘ಬರಲಾಗಿರುತ್ತದೆ’ ಎಂದು ಯಾರೂ ಹೇಳುವುದಿಲ್ಲವಾದ್ದರಿಂದ ಅಲ್ಲಿ ಬಿಡಿ.

ಇದಕ್ಕಿಂತ ಸ್ವಾರಸ್ಯವಾದದ್ದು ಪದಗಳ ಜಾಗ ಬದಲಾದಾಗ ಆಗುವ ಅರ್ಥಪಲ್ಲಟ. ಮಂಡ್ಯದ ಕಬ್ಬಿನ ಗದ್ದೆಯ ಪಂಪ್‌ಸೆಟ್ಟು ಕೆಟ್ಟಿದೆ ಎಂದುಕೊಳ್ಳಿ. ‘ಐ ವಿಲ್ ಹ್ಯಾವ್ ರಿಪೇರ್ಡ್ ದ ಪಂಪ್‌ಸೆಟ್ ಬೈ ಮಂಡೇ’ ಎಂದರೆ ಸೋಮವಾರದ ಹೊತ್ತಿಗೆ ನಾನೇ ರಿಪೇರಿ ಮಾಡಿರುತ್ತೇನೆ. ‘ಐ ವಿಲ್ ಹ್ಯಾವ್ ದ ಪಂಪ್‌ಸೆಟ್ ರಿಪೇರ್ಡ್ ಬೈ ಮಂಡೇ’ ಎಂದರೆ ಮೋಟಾರ್ ಬಿಚ್ಚಲು ಬೇರೆಯವರನ್ನು ಕರೆಸಿ, ಅವರಿಂದ ಮಾಡಿಸುತ್ತೇನೆ. ಪದಗಳು ಅವೇ, ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡನೆಯ ವಾಕ್ಯದಲ್ಲಿ ಫ್ಯೂಚರ್ ಪರ್ಫೆಕ್ಟ್ ಇಲ್ಲವೇ ಇಲ್ಲ; ಅಲ್ಲಿ ‘ಹ್ಯಾವ್’ ಎಂಬುದು ನಮ್ಮ ಪ್ರೇರಣಾರ್ಥಕದ ‘ಇಸು’ ಮಾಡುವ ಕೆಲಸವನ್ನು ಮಾಡುತ್ತಿದೆ. ವಾಕ್ಯದಲ್ಲಿ ‘ಹ್ಯಾವ್’ ಮತ್ತು ವಿ ತ್ರೀ ರೂಪದ ನಡುವೆ ವಸ್ತುವಿನ ಹೆಸರು ಸಿಕ್ಕಿಕೊಂಡಿದ್ದರೆ, ಅದು ಮಾಡಿಸುವ ಮಾತು.

‘ಹತ್ತು ವರ್ಷ ಆಗಿರುತ್ತದೆ’

ಅವಧಿಯನ್ನು ಹೇಳುವ ವಾಕ್ಯಗಳಲ್ಲಿ ಕನ್ನಡ ವರ್ಷಗಳನ್ನೇ ಕರ್ತೃವಾಗಿ ನಿಲ್ಲಿಸುತ್ತದೆ: ‘ಈ ದಸರಾಕ್ಕೆ ನಾನು ಇಲ್ಲಿ ಕೆಲಸಕ್ಕೆ ಸೇರಿ ಹತ್ತು ವರ್ಷ ಆಗಿರುತ್ತದೆ’. ಇದನ್ನು ಹಾಗೆಯೇ ಎತ್ತಿಟ್ಟು ‘ಟೆನ್ ಇಯರ್ಸ್ ವಿಲ್ ಹ್ಯಾವ್ ಬೀನ್ ಓವರ್ ಆಫ್ಟರ್ ಮೈ ಜಾಯ್ನಿಂಗ್’ ಎಂದು ಬರೆಯುವವರಿದ್ದಾರೆ. ಇಂಗ್ಲಿಷಿನಲ್ಲಿ ಮನುಷ್ಯನನ್ನು ಮುಂದೆ ತಂದು, ವರ್ಷಗಳನ್ನು ‘ಫಾರ್’ ಎಂಬುದರ ಹಿಂದೆ ಕಳಿಸಬೇಕು: ‘ಬೈ ದಿಸ್ ದಸರಾ, ಐ ವಿಲ್ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’. ಎಷ್ಟು ಕಾಲದಿಂದ ನಡೆಯುತ್ತಿದೆ ಎಂಬುದು ಮುಖ್ಯವಾದಾಗ ಹೀಗೆ ಕಂಟಿನ್ಯುಯಸ್ ರೂಪ ಚೆನ್ನಾಗಿ ಒಪ್ಪುತ್ತದೆ. ಎಷ್ಟು ಸಂಖ್ಯೆಯಲ್ಲಿ ಮುಗಿಯಿತು ಎಂಬುದು ಮುಖ್ಯವಾದರೆ ಅದು ಬೇಡ. ‘ಬೈ ಈವ್ನಿಂಗ್ ಐ ವಿಲ್ ಹ್ಯಾವ್ ಕರೆಕ್ಟೆಡ್ ಫಿಫ್ಟಿ ಪೇಪರ್ಸ್’ ಎಂಬಷ್ಟೇ ಸಾಕು.

ಮೈಸೂರಿನ ಎರಡು ಸಂಸ್ಥೆಗಳಿಂದ ಉದಾಹರಣೆ ಕೊಡಬಹುದು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. 2041ರ ಕೊನೆಯ ಹೊತ್ತಿಗೆ ಅದು 125 ವರ್ಷಗಳನ್ನು ‘ವಿಲ್ ಹ್ಯಾವ್ ಕಂಪ್ಲೀಟೆಡ್’ ಎನ್ನಬಹುದು, ಅಥವಾ ಅಷ್ಟು ಕಾಲ ಪಾಠ ಹೇಳುತ್ತಾ ‘ವಿಲ್ ಹ್ಯಾವ್ ಬೀನ್ ಟೀಚಿಂಗ್’ ಎನ್ನಬಹುದು. ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷಾ ಸಂಸ್ಥಾನ ಆರಂಭವಾದದ್ದು 1969ರಲ್ಲಿ. 2069ಕ್ಕೆ ಅದು ಮೈಸೂರಿನಲ್ಲಿ ನೂರು ವರ್ಷ ಇದ್ದಂತಾಗುತ್ತದೆ ಎನ್ನಲು ‘ವಿಲ್ ಹ್ಯಾವ್ ಬೀನ್ ಇನ್ ಮೈಸೂರು ಫಾರ್ ಎ ಹಂಡ್ರೆಡ್ ಇಯರ್ಸ್’ ಎಂದರೆ ಮುಗಿಯಿತು, ‘ವಿಲ್ ಹ್ಯಾವ್ ಬೀನ್ ಬೀಯಿಂಗ್’ ಎಂದು ಎಳೆಯಬೇಕಾಗಿಲ್ಲ. ಇರುವುದು, ತಿಳಿದಿರುವುದು, ಒಡೆತನ ಹೊಂದಿರುವುದು ಮೊದಲಾದ ಸ್ಥಿತಿವಾಚಕ ಕ್ರಿಯಾಪದಗಳು ಸಾಮಾನ್ಯವಾಗಿ ಕಂಟಿನ್ಯುಯಸ್ ರೂಪಕ್ಕೆ ಬಗ್ಗುವುದಿಲ್ಲ. ‘ಐ ವಿಲ್ ಹ್ಯಾವ್ ನೋನ್ ಹಿಮ್’ ಎನ್ನಬೇಕು, ‘ಬೀನ್ ನೋಯಿಂಗ್’ ಎನ್ನಬಾರದು.

ವಿನಯಕ್ಕಾಗಿ ಹಾಕಿದ ‘ವುಡ್’

‘ಬೈ ಟುಮಾರೋ ಐ ವುಡ್ ಹ್ಯಾವ್ ಕಂಪ್ಲೀಟೆಡ್ ದ ವರ್ಕ್, ಸರ್’. ಇದರಲ್ಲಿ ‘ವಿಲ್’ ಒರಟಾಗಿ ಕೇಳಿಸೀತೆಂಬ ಸಂಕೋಚ ಕೆಲಸ ಮಾಡಿದೆ. ‘ವುಡ್ ಯೂ’ ಎಂದು ಕೇಳುವುದು ಮರ್ಯಾದೆ ಎಂದು ಕಲಿತದ್ದು ಇಲ್ಲಿಗೂ ಹರಡಿದೆ. ಆದರೆ ‘ವುಡ್ ಹ್ಯಾವ್ ಕಂಪ್ಲೀಟೆಡ್’ ಎಂಬುದರ ಅರ್ಥ ‘ಮುಗಿಸಿರುತ್ತಿದ್ದೆ’, ಅಂದರೆ ಏನೋ ಅಡ್ಡಿ ಬಂದು ಮುಗಿಸಲಿಲ್ಲ. ಭರವಸೆ ಕೊಡಲು ಹೊರಟವರು ನೆಪ ಹೇಳಿದಂತಾಗುತ್ತದೆ. ‘ವುಡ್’ ಸಲ್ಲುವ ಒಂದು ಜಾಗವೆಂದರೆ ಹಿಂದೆ ಯಾರೋ ಆಡಿದ ಮಾತನ್ನು ವರದಿ ಮಾಡುವಾಗ: ‘ಹಿ ಸೆಡ್ ಹಿ ವುಡ್ ಹ್ಯಾವ್ ಫಿನಿಶ್ಡ್ ಬೈ ಫ್ರೈಡೇ’. ಹಳೆಯ ಶಾಲಾ ವ್ಯಾಕರಣ ‘ಐ’, ‘ವಿ’ಗಳಿಗೆ ‘ಶಲ್ ಹ್ಯಾವ್’ ಎಂದು ಕಲಿಸುತ್ತಿತ್ತು. ಅದು ತಪ್ಪಲ್ಲ, ಇಂದು ವಿರಳ, ಅಷ್ಟೆ.

ಬೇಕೇ ಇಲ್ಲದ ಕಡೆ

‘ಬೈ’ ಕಂಡ ಮಾತ್ರಕ್ಕೆ ಫ್ಯೂಚರ್ ಪರ್ಫೆಕ್ಟ್ ಹಾಕಲೇಬೇಕೆಂಬ ಕಟ್ಟಳೆ ಪರೀಕ್ಷೆಯ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಂದ ಬಂದದ್ದು. ‘ಐ ವಿಲ್ ಫಿನಿಶ್ ಬೈ ಫೈವ್’ ಎಂಬುದೂ ನೇರ್ಪಾದ ಇಂಗ್ಲಿಷೇ. ಕನ್ನಂಬಾಡಿ ಕಟ್ಟೆಯ ಗರಿಷ್ಠ ನೀರಿನ ಮಟ್ಟ 124.80 ಅಡಿ. ಆಗಸ್ಟ್ ಕೊನೆಯೊಳಗೆ ನೀರು ಆ ಮಟ್ಟ ಮುಟ್ಟುತ್ತದೆ ಎಂದಷ್ಟೇ ಹೇಳುವುದಿದ್ದರೆ ‘ವಿಲ್ ರೀಚ್’ ಸಾಕು. ಅಷ್ಟು ಹೊತ್ತಿಗೆ ಕಟ್ಟೆ ತುಂಬಿರುತ್ತದೆ, ಆದ್ದರಿಂದ ನಾಲೆಯ ನೀರಿನ ಬಗ್ಗೆ ಮುಂದಿನ ತೀರ್ಮಾನ ಮಾಡಬಹುದು ಎಂದು ಮಾತು ಮುಂದುವರಿಯುವುದಿದ್ದರೆ ‘ವಿಲ್ ಹ್ಯಾವ್ ರೀಚ್ಡ್’ ಎಂಬುದಕ್ಕೆ ಬೆಲೆ ಬರುತ್ತದೆ. ಮುಗಿದ ಕೆಲಸದ ಮೇಲೆ ಇನ್ನೊಂದು ಮಾತು ಕಟ್ಟುವುದಿಲ್ಲವಾದರೆ ಸಾದಾ ‘ವಿಲ್’ ಬಳಸಿ ಎಂಬುದು ನನ್ನ ಸಲಹೆ. ‘ಅಟ್ ಟೆನ್’ ಎಂಬಂಥ ನಿಗದಿತ ವೇಳೆಯಲ್ಲಿ ನಡೆಯುವ ಕ್ರಿಯೆಗಂತೂ ‘ವಿಲ್ ಹ್ಯಾವ್’ ಹೊಂದುವುದಿಲ್ಲ.

ಒಂದು ಸಂದೇಶದ ತಪಾಸಣೆ

ಮೇಲೆ ಹೇಳಿದ್ದೆಲ್ಲ ಒಟ್ಟಿಗೆ ಕಾಣುವಂತೆ ಉದಾಹರಣೆಗಾಗಿಯೇ ಕಟ್ಟಿದ ಸಂದೇಶವೊಂದು ಇಲ್ಲಿದೆ. ಮಂಡ್ಯದ ಗುಮಾಸ್ತರೊಬ್ಬರು ಬೆಂಗಳೂರಿಗೆ ಹೋಗಿರುವ ತಮ್ಮ ಅಧಿಕಾರಿಗೆ ಕಳಿಸಿದ್ದು ಎಂದುಕೊಳ್ಳೋಣ.

‘ಟುಮಾರೋ ಐ ವಿಲ್ ಹ್ಯಾವ್ ಕಮ್ ಟು ದ ಆಫೀಸ್ ಅಟ್ ಟೆನ್. ವಿತಿನ್ ಮಂಡೇ ಐ ವಿಲ್ ಹ್ಯಾವ್ ಕಂಪ್ಲೀಟ್ ದ ರಿಜಿಸ್ಟರ್. ಫ್ರಂ ಟ್ಯೂಸ್‌ಡೇ ಐ ವಿಲ್ ಬಿ ಆನ್ ಲೀವ್ ಟಿಲ್ ಥರ್ಸ್‌ಡೇ. ಬೈ ದ ಟೈಮ್ ಯೂ ವಿಲ್ ರಿಟರ್ನ್, ದ ನ್ಯೂ ಬಿಲ್ಸ್ ವಿಲ್ ಹ್ಯಾವ್ ಸೆಂಟ್ ಟು ಮೈಸೂರು. ದ ಓಲ್ಡ್ ಬಿಲ್ಸ್ ವಿಲ್ ಹ್ಯಾವ್ ಬೀನ್ ಪಾಸ್ಡ್ ಲಾಸ್ಟ್ ಮಂತ್.’

ಮೊದಲ ವಾಕ್ಯದಲ್ಲಿ ನಿಗದಿತ ವೇಳೆಗೆ ಬರುವ ಸಾದಾ ಮಾತಿದೆ; ‘ಐ ವಿಲ್ ಕಮ್’ ಸಾಕು. ಎರಡನೆಯದರಲ್ಲಿ ಎರಡು ದೋಷ: ‘ವಿತಿನ್’ ಹೋಗಿ ‘ಬೈ’ ಬರಬೇಕು, ‘ಕಂಪ್ಲೀಟ್’ ಎಂಬುದು ‘ಕಂಪ್ಲೀಟೆಡ್’ ಆಗಬೇಕು. ಸೋಮವಾರ ಮುಗಿದಿರುತ್ತದೆ ಎಂಬುದರ ಮೇಲೆಯೇ ಮಂಗಳವಾರದ ರಜೆ ನಿಂತಿರುವುದರಿಂದ ಇಲ್ಲಿ ಫ್ಯೂಚರ್ ಪರ್ಫೆಕ್ಟ್ ತಕ್ಕ ಜಾಗದಲ್ಲೇ ಇದೆ. ಮೂರನೆಯ ವಾಕ್ಯವನ್ನು ಮುಟ್ಟಬೇಡಿ, ರಜೆ ಉದ್ದಕ್ಕೂ ನಡೆಯುವ ಸ್ಥಿತಿಯಾದ್ದರಿಂದ ‘ಟಿಲ್’ ಸರಿಯಾಗಿದೆ. ಗುರುವಾರವೂ ರಜೆಯೋ ಅಲ್ಲವೋ ಎಂಬ ಸಂಶಯ ಬರಬಾರದೆಂದಿದ್ದರೆ ‘ಬ್ಯಾಕ್ ಆನ್ ಫ್ರೈಡೇ’ ಎಂದು ಸೇರಿಸಬಹುದು. ನಾಲ್ಕನೆಯದರಲ್ಲಿ ‘ಯೂ ರಿಟರ್ನ್’ ಎಂದೂ ‘ವಿಲ್ ಹ್ಯಾವ್ ಬೀನ್ ಸೆಂಟ್’ ಎಂದೂ ತಿದ್ದಬೇಕು.

ಐದನೆಯ ವಾಕ್ಯದಲ್ಲಿ ಸೂತ್ರ ಅಚ್ಚುಕಟ್ಟಾಗಿದೆ, ‘ಬೀನ್’ ಕೂಡ ಇದೆ. ಆದರೆ ಅದರ ಹಿಂದಿರುವುದು ‘ಹಳೆಯ ಬಿಲ್ಲುಗಳನ್ನು ಕಳೆದ ತಿಂಗಳು ಪಾಸು ಮಾಡಲಾಗಿರುತ್ತದೆ’ ಎಂಬ ಕಡತದ ಕನ್ನಡ. ಈಗ ಇರುವಂತೆ ಓದಿದರೆ ಪಾಸಾಗಿರಬೇಕೆಂದು ಗುಮಾಸ್ತರು ಅಂದಾಜು ಮಾಡುತ್ತಿದ್ದಾರೆ ಎಂಬ ಅರ್ಥ ಬಂದು, ಅಧಿಕಾರಿ ಖಜಾನೆಗೆ ಫೋನ್ ಮಾಡಿ ವಿಚಾರಿಸಬೇಕಾದೀತು. ಪಾಸಾದದ್ದು ಖಚಿತವಾಗಿದ್ದರೆ ‘ದ ಓಲ್ಡ್ ಬಿಲ್ಸ್ ವರ್ ಪಾಸ್ಡ್ ಲಾಸ್ಟ್ ಮಂತ್’ ಎಂದು ಬರೆಯಬೇಕು. ನಿಜವಾಗಿಯೂ ಅಂದಾಜೇ ಆಗಿದ್ದರೆ ವಾಕ್ಯವನ್ನು ತಿದ್ದುವುದಕ್ಕೆ ಮುಂಚೆ ಬಿಲ್ಲಿನ ವಹಿಯನ್ನು ತೆರೆದು ನೋಡಬೇಕು.